ನೀಲಿ ಸೀಸೆಯ ಚೂರು

ಹಂಪನಕಟ್ಟೆಯ ನಮ್ಮ ಔಷಧದಂಗಡಿಗೆ
ಪತ್ತನಾಜೆ ಕಳೆದ ಮೂರನೆಯ ದಿನ
ದೂಮಣ್ಣ ಬಂದ. ಕಿವಿಯ ಹಿಂದೆ ಇನ್ನೂ
ತೊಳೆದು ಹೋಗದ ಒಂದು ಗೆರೆ ಇಂಗಳೀಕ.
"ಪೊರ್ಬುಗಳೇ, ಸಿನಿಮಾದವರು ಕರೆದಿದ್ದಾರೆ.
ಮೋರೆಗೆ ಬಳಿಯುವ ಬಿಳಿ ಏನುಂಟು ನಿಮ್ಮಲ್ಲಿ?"

ತೂಗಿ ಕೊಟ್ಟೆ: ಜಿಂಕ್ ಆಕ್ಸೈಡ್ ಎರಡು ಪೌಂಡು,
ಗ್ಲಿಸರಿನ್ ಅರ್ಧ ಸೀಸೆ, ಅಳು ಬಾರದವರಿಗೆ,
ಮೀಸೆ ನಿಲ್ಲುವುದಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳ,
ಕೊಲೋಡಿಯನ್ ಒಂದು ಔನ್ಸು. ಅದನ್ನು ನನ್ನ ಮುಂಗೈಗೇ
ಹಚ್ಚಿ ತೋರಿಸಿದೆ. ಈಥರ್ ಹಾರಿದ ಹಾಗೆ
ಚರ್ಮ ಹಿಡಿದೆಳೆದು ಸುಕ್ಕಿತು,
ಹಳೆಯ ಕತ್ತಿಯೇಟಿನಂತೆ.
ಮುಟ್ಟಿದ, ಮೂಸಿದ. "ಚಿಟ್ಟಿ ಇಡಲು ನನಗೆ ನಾಲ್ಕು ತಾಸು,
ಇದು ಎಂಜಲು ನುಂಗುವಷ್ಟರಲ್ಲಿ!"

ಇಪ್ಪತ್ತೆರಡು ವರ್ಷ ರಾಕ್ಷಸರನ್ನು ಬರೆದ ಬೆರಳು.
ಚೌಕಿಯ ದೀಪ, ಅಕ್ಕಿಹಿಟ್ಟು, ಸುಣ್ಣ,
ಕೆನ್ನೆಯ ಮೇಲೆ ಮುಳ್ಳುಮುಳ್ಳಾಗಿ ಏಳುವ ಬಿಳಿ,
ತೆಂಗಿನೆಣ್ಣೆಯಲ್ಲಿ ಅರೆದ ಅರದಾಳ.
ನಾನು ಓದಿದವನು, ಹೇಳಿದೆ:
ಅರದಾಳದಲ್ಲಿರುವುದು ಪಾಷಾಣ,
ಇಂಗಳೀಕದಲ್ಲಿ ಪಾದರಸ. ನಮ್ಮಲ್ಲಾದರೆ
ಬೀಗ ಹಾಕಿದ ಕಪಾಟು, ಸಹಿ ಬೇಕು.
"ಹೌದಾ? ಅಂದರೆ ನನ್ನ ಹಲ್ಲು ಹೋದದ್ದು
ವೀಳ್ಯದಿಂದ ಅಲ್ಲ."

ಬೋಳಾರದ ಹಂಚಿನ ಕಾರ್ಖಾನೆಯ ಖಾಲಿ ಶೆಡ್ಡು.
ಮಾಡು ಬಿಚ್ಚಿ ಬಿಸಿಲು ಇಳಿಸಿದ್ದರು.
ಮದರಾಸಿನ ಕ್ಯಾಮರಾದವನಿಗೆ ಮಳೆಯ ಭಯ.
ನಾಯಕಿ, ಮಂಜೇಶ್ವರದ ಹಾರ್ಮೋನಿಯಂ ಮಾಸ್ತರರ ಮಗಳು,
ಅಪ್ಪಿ. ಅವಳ ತುಟಿಗೆ ದೂಮಣ್ಣ ಇಟ್ಟ ಕೆಂಪಿಗೆ
ಕಂಡವರೆಲ್ಲ ತಲೆದೂಗಿದರು.
ರಾತ್ರಿ ತುಂಡು ರೀಲು ತೊಳೆದು, ಅಚ್ಚು ತೆಗೆದು ನೋಡಿದರೆ
ತುಟಿ ಇದ್ದಲ್ಲಿ ಇದ್ದಿಲು,
ಕೆನ್ನೆ ಇದ್ದಲ್ಲಿ ಎರಡು ಗುಂಡಿ.

ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲ.
ಬೆಳ್ಳಿಯ ಉಪ್ಪು ನೀಲಿ ಬಿದ್ದರೆ ಕದಲುತ್ತದೆ,
ಕೆಂಪಿಗೆ ಜಪ್ಪಯ್ಯ ಅನ್ನುವುದಿಲ್ಲ,
ಅದಕ್ಕೇ ಕತ್ತಲ ಕೋಣೆಯಲ್ಲಿ ಕೆಂಪು ದೀಪ ಎಂದೆ.
ದೂಮಣ್ಣ ತುಂಬ ಹೊತ್ತು ಸುಮ್ಮನಿದ್ದ,
ಜೀವಮಾನವೆಲ್ಲ ಕೆಂಪು ಅರೆದವನು.
"ಹಾಗಾದರೆ ಅದರ ಎದುರು
ರಾಕ್ಷಸ ಬರುವುದು ಹೇಗೆ?"

ವಿಷದ ಸೀಸೆಯೊಂದನ್ನು ಒಡೆದೆ. ಕಡುನೀಲಿ,
ಕತ್ತಲಲ್ಲೂ ಕೈಗೆ ತಿಳಿಯಲೆಂದು
ಮೈತುಂಬ ಏಣುಗಳಿರುವಂಥದು.
ಏಣಿಲ್ಲದ ಕಡೆಯ ಒಂದು ಚೂರು ಆರಿಸಿ
ಅಂಚನ್ನು ಅರದಿಂದ ಉಜ್ಜಿ ಕೊಟ್ಟೆ.
ಇದರೊಳಗಿಂದ ನೋಡು, ಫಿಲ್ಮು ನೋಡುವುದು ಹೀಗೆ.
ಅಂಗಡಿ ಮೆಟ್ಟಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ
ಅವನು ಊರನ್ನೇ ನೋಡಿದ.
ಹಂಚಿನ ಮಾಡುಗಳು ಕಪ್ಪು, ದಾಸವಾಳ ಕಪ್ಪು,
ಎಲೆಯಡಿಕೆ ಉಗಿದ ಗೋಡೆ ಕಪ್ಪು.
ಆಕಾಶ ಮಾತ್ರ ಸುಣ್ಣ ಬಳಿದ ಹಾಗೆ.

ಮರುದಿನ ಅಪ್ಪಿಯ ತುಟಿಗೆ ಹಚ್ಚಿದ್ದು
ಜಿಂಕಿನಲ್ಲಿ ಕಲಸಿದ ಬಟ್ಟೆನೀಲಿ, ಚಿಟಿಕೆ ಕಾಡಿಗೆ.
ಕೆನ್ನೆಗೆ ಹಸುರು ಬೆರೆತ ಬೂದಿ.
ಇಣುಕಲು ಬಂದ ಮೀನಿನ ಹೆಂಗಸರು
"ಪುಣ! ಪುಣ!" ಎಂದು ಬುಟ್ಟಿ ಬಿಟ್ಟು ಓಡಿದರು.
ಅವಳ ತಾಯಿ ಅತ್ತಳು, ಗ್ಲಿಸರಿನ್ ಬೇಕಾಗಲಿಲ್ಲ.
ಅಪ್ಪಿ ಕನ್ನಡಿ ಕೇಳಿದಳು.
ದೂಮಣ್ಣ ಕೊಟ್ಟ, ಜೊತೆಗೆ ನೀಲಿ ಚೂರನ್ನೂ.
ಅವಳು ನೋಡಿಕೊಂಡಳು, ತನ್ನನ್ನೋ, ಮತ್ತಾರನ್ನೋ.
ಚೂರು ತಿರುಗಿ ಬರಲೇ ಇಲ್ಲ.

ಪರದೆಯ ಮೇಲೆ ನಾನು ಕಂಡದ್ದು ಒಂದೇ ಸಲ,
ಕಲ್ಯಾಣಪುರದ ಡೇರೆ ಸಿನಿಮಾದಲ್ಲಿ, ನೆಲದ ಟಿಕೀಟು.
ಅಪ್ಪಿ ಬಾಯಿ ತೆರೆದಳು, ಮಾತಿಲ್ಲದ ಚಿತ್ರ.
ಪಕ್ಕದವನು ಬೀಡಿ ಇಳಿಸಿ
ತನ್ನಷ್ಟಕ್ಕೆ ಹೇಳಿಕೊಂಡ:
"ಎಷ್ಟು ಕೆಂಪು ತುಟಿ, ಮಾರಾಯ!"

ಇದನ್ನು ಹೇಳಲೆಂದೇ ಚೌಕಿಗೆ ಹೋದೆ,
ಮೇಳ ಮತ್ತೆ ಹೊರಟಿತ್ತು.
ದೂಮಣ್ಣ ಕೇಳಿದ, ಕಲ್ಲಿನ ಮೇಲಿನ ಕೈ ನಿಲ್ಲಿಸಲಿಲ್ಲ.
"ಇಂಗಳೀಕ ಮುಗಿಯಿತು ಪೊರ್ಬುಗಳೇ,
ಎರಡು ತೊಲ ಕಳಿಸಿ,
ಬೇಕಾದರೆ ಸಹಿ ಹಾಕುತ್ತೇನೆ."