ಹೆಬ್ಬೆರಳ ಉಗುರು

ಬೆಲ್‌ವಿಲ್ ಗುಡ್ಡದ ಇಳಿಜಾರಿನ ಹಳೇ ಟಾಕೀಸು,
ಮಂಗಳವಾರ ಮಧ್ಯಾಹ್ನದ ಆಟ. ಹನ್ನೊಂದು ಜನ,
ಯಾರದೋ ಕೆಮ್ಮು.
ಮೂರನೇ ಸಾಲಿನಲ್ಲಿ ಒದೀಲ್, ಕೋಟು ಬಿಚ್ಚದೆ.

ಪರದೆಯ ಮೇಲೆ ರಾತ್ರಿ. ಬ್ಯಾಂಕಿನ ನೆಲಮಾಳಿಗೆ.
ಉಣ್ಣೆಯ ಮಫ್ಲರಿನಲ್ಲಿ ಸುತ್ತಿ ತಂದ ಸುತ್ತಿಗೆ.
ಇಪ್ಪತ್ತೆರಡು ನಿಮಿಷ ಮಾತಿಲ್ಲ, ಸಂಗೀತವಿಲ್ಲ.
ಪ್ರೊಜೆಕ್ಟರು ಕೂಡ ಮೆಲ್ಲಗೆ, ಕಳ್ಳಮಾಲಿನ ಪಾಲುದಾರನ ಹಾಗೆ.

ಮುಖ ಆ ದೊಡ್ಡ ನಟನದು. ಬೆವರೂ ಅವನದೇ.
ಬೀಗದ ಮೇಲೆ ಬರುವ ಕೈ ಮಾತ್ರ
ಆನ್ಸೆಲ್ಮನದು:
ಓಣಿಯ ಬೀಗ ರಿಪೇರಿಯವನು. ಮೂರು ದಿನದ ಕೂಲಿ,
ಮಧ್ಯಾಹ್ನ ಊಟ. ಹೆಸರು ಹಾಕಲಿಲ್ಲ.
ಇಕ್ಕುಳಕ್ಕೆ ಸಿಕ್ಕಿ ಕಪ್ಪಾದ ಹೆಬ್ಬೆರಳ ಉಗುರು
ಇಲ್ಲಿ ಮನೆಯ ಬಾಗಿಲಷ್ಟು ದೊಡ್ಡದು.

ಆಮೇಲೆ ಬಂದ ಸಿನಿಮಾ ಕಳ್ಳರೆಲ್ಲ, ಯಾವ ದೇಶದವರೇ ಆಗಲಿ,
ಯಾವ ಭಾಷೆಯಲ್ಲೇ ಬಾಯಿ ಮುಚ್ಚಿಕೊಳ್ಳಲಿ,
ತಿಜೋರಿಗೆ ಕಿವಿಯಿಡುವಾಗ ಹೀಗೇ ತಲೆ ವಾಲಿಸಿದರು,
ಹೀಗೇ ಬೆರಳ ತುದಿಯನ್ನು ಅಂಗಿಗೆ ಒರೆಸಿಕೊಂಡರು.
ಕದ್ದದ್ದನ್ನೇ ಕದ್ದರು. ದೂರು ಕೊಡುವವರು ಯಾರು?
ಅಂಗಿಗೆ ಒರೆಸುವುದು ಅವನ ಚಾಳಿ.
ಒಗೆದವಳಿಗೆ ಗೊತ್ತು.

ಕೊನೆಯ ರೀಲು. ಹಂಚಿಕೆಯ ಜಗಳ, ಹೊಂಚು ಕೂತ ಕಾರು,
ಬಂದರಿನ ಕಲ್ಲುಹಾಸಿನ ಮೇಲೆ ಬಿದ್ದವನ
ಬಿಚ್ಚಿಕೊಂಡ ಅಂಗೈ.
ಒದೀಲ್ ಮುಂದಕ್ಕೆ ಬಾಗುತ್ತಾಳೆ, ಪ್ರತಿ ಸಲದಂತೆ:
ಉಗುರು ಸ್ವಚ್ಛವಾಗಿದೆ. ನಟನ ಕೈ.
ಸತ್ತವನು ಬೇರೆ ಯಾರೋ.

ದೀಪ ಹತ್ತುವ ಮೊದಲೇ ಎದ್ದು ಹೊರಡುತ್ತಾಳೆ.
ಬೀದಿಯಲ್ಲಿ ಮೀನಿನವನು ಮಂಜುಗಡ್ಡೆ ಚೆಲ್ಲುತ್ತಿದ್ದಾನೆ,
ಅರ್ಧ ಬೆಲೆಗೆ ಎರಡು ಬಂಗುಡೆ.
ಮನೆಯ ಬೀಗ ಈಚೆಗೆ ಹಟ ಮಾಡುತ್ತದೆ;
ಕೀಲಿಯನ್ನು ತುಸು ಮೇಲೆತ್ತಿ, ಉಸಿರು ಹಿಡಿದು,
ಎಡಕ್ಕೆ.