ಹನ್ನೊಂದನೆಯವಳು

ಗಾಜಿನ ಈಚೆ ಕತ್ತಲೆ: ನಾವು ಮೂವರು,
ಒಂದು ಸ್ಟಾಪ್‌ವಾಚು, ಆರಿಹೋದ ಚಹಾ.
ಆಚೆ ಕಣ್ಣು ಕುಕ್ಕುವ ದೀಪ. ಮಂಚ ನಿಜದ್ದು, ಪಂಪು ನಿಜದ್ದು,
ರೋಗಿ ಮಾತ್ರ ರಬ್ಬರು.
ಅವನ ಮಣಿಕಟ್ಟಿನ ಪಟ್ಟಿಯಲ್ಲಿ ಒಂದು ಹೆಸರು, ಹುಟ್ಟಿದ ತಾರೀಕು,
ಪೆನಿಸಿಲಿನ್ ಒಗ್ಗದೆಂಬ ಕೆಂಪು ಗುರುತು.

ಗಾಲ್ವೇ ಊರಾಚೆ, ಕಡಲಗಾಳಿ ಬಡಿಯುವ ಶೆಡ್ಡುಗಳ ಸಾಲಿನಲ್ಲಿ
ನಮ್ಮದು ನಾಲ್ಕನೆಯದು.
ಪಕ್ಕದವರು ಮೀನಿನ ಪೆಟ್ಟಿಗೆ ಮಾಡುತ್ತಾರೆ.
ನಾವು ತಪ್ಪು ಹಿಡಿಯುತ್ತೇವೆ.

ಹನ್ನೊಂದನೆಯವಳು ಡಿಂಪ್ನಾ ಫೋಲನ್.
ಮೂವತ್ತೊಂದು ವರ್ಷ ರಾತ್ರಿಪಾಳಿ ಮಾಡಿದ ನರ್ಸು,
ಸ್ಪಿಡ್ಡಲ್ ಬಸ್ಸಿಳಿದು ಒದ್ದೆ ಕೋಟು ಕೊಡವುತ್ತ ಬಂದಳು.
ಎಲ್ಲರಿಗೂ ಓದಿದ್ದನ್ನೇ ಅವಳಿಗೂ ಓದಿದೆ, ಒಂದಕ್ಷರ ಬಿಡದೆ:
"ಪರೀಕ್ಷೆ ನಿಮಗಲ್ಲ, ಯಂತ್ರಕ್ಕೆ.
ತೋಚಿದ್ದನ್ನು ಬಾಯಿಬಿಟ್ಟು ಹೇಳುತ್ತಿರಿ."
ತಲೆಯಾಡಿಸಿದಳು, ನಂಬದೆ.
ಯಾರೂ ನಂಬುವುದಿಲ್ಲ.

ಗಂಟೆಗೆ ಎರಡೂವರೆ ಮಿಲಿಲೀಟರು, ಅಷ್ಟೇ ಕೆಲಸ.
ಕೈಗವಸಿನ ಬೆರಳು ಎರಡು ಒತ್ತಿತು,
ಚುಕ್ಕಿ ಒತ್ತಿತು, ಐದು ಒತ್ತಿತು.
ಚುಕ್ಕಿ ಕೇಳಿಸಿಕೊಳ್ಳಲಿಲ್ಲ.
ಪರದೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಇಪ್ಪತ್ತೈದು.
ಕೆಳಗೆ ಅಗಲವಾಗಿ, ಹಸಿರಾಗಿ: ಶುರು.
ಹಳೆಯ ಪಂಪಿನಲ್ಲಿ ಅದೇ ಜಾಗದಲ್ಲಿ
'ಇನ್ನೊಮ್ಮೆ ನೋಡು' ಇತ್ತು.
ಹೆಬ್ಬೆರಳಿಗೆ ಜಾಗ ನೆನಪಿರುತ್ತದೆ, ಅಕ್ಷರವಲ್ಲ.

ಮೋಟಾರು ಗುಂಯ್‌ಗುಟ್ಟಿತು.
ರಬ್ಬರಿನ ತೋಳಿಗೆ ನೀರು, ಹತ್ತು ಪಟ್ಟು.

ನಾನು ಮಾತಾಡುವಂತಿಲ್ಲ. ಕೆಮ್ಮುವಂತಿಲ್ಲ.
ಪಂಪು ಕಟ್ಟಿದ ಫಿಯಾಕ್ರಾ ನನ್ನ ಪಕ್ಕ ಕೂತು
"ಪರದೆ ನೋಡು ತಾಯಿ, ಪರದೆ" ಎಂದು
ತನ್ನ ಮೊಣಕಾಲಿಗೆ ಹೇಳಿಕೊಳ್ಳುತ್ತಿದ್ದ.
ಅವಳು ರೋಗಿಯ ಮುಖ ನೋಡುತ್ತಿದ್ದಳು.
"ಕಾಲು ತಣ್ಣಗಿದೆಯಲ್ಲೋ ನಿಂದು" ಎಂದು
ಹೊದಿಕೆಯ ಅಂಚು ಹಾಸಿಗೆಯಡಿ ಸಿಕ್ಕಿಸಿದಳು.
ನನ್ನ ಹಾಳೆಯಲ್ಲಿ ಅದಕ್ಕೆ ಅಂಕಣವಿಲ್ಲ.

ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಕನ್ನಡಕ ಏರಿಸಿದಳು.
ಕಂಡಿತು.
"ನನ್ನ ತಪ್ಪು," ಅಂದಳು. "ನಂದೇ ತಪ್ಪು. ಇವನನ್ನು ಕೊಂದುಬಿಟ್ಟೆ."

ನಮ್ಮ ವರದಿಯಲ್ಲಿ 'ಬಳಸಿದವರ ತಪ್ಪು' ಎಂದು ಬರೆಯುವಂತಿಲ್ಲ,
'ಬಳಕೆಯಲ್ಲಿ ತಪ್ಪು' ಎನ್ನಬೇಕು.
ಈ ಒಂದು ವಿಭಕ್ತಿ ತಿದ್ದಲು ನಮ್ಮ ಕಸುಬು ಎಷ್ಟೋ ವರ್ಷ ಜಗಳಾಡಿದೆ,
ಅವಳ ಬಾಯಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಒಳಗೆ ಹೋದೆ. ಯಂತ್ರಕ್ಕೇ ಪರೀಕ್ಷೆ ಎಂದು ಮತ್ತೆ ಹೇಳಿದೆ.
"ನಮ್ಮ ವಾರ್ಡಿನಲ್ಲಿ ಒಂದು ಸಲ," ಎಂದು ಶುರುಮಾಡಿ
ರಬ್ಬರಿನ ಕೈ ಹಿಡಿದುಕೊಂಡು
ಸುಮ್ಮನಾದಳು.
ನಾನು ಕೇಳಲಿಲ್ಲ. ಪ್ರಶ್ನಾವಳಿಯಲ್ಲಿ ಇರಲಿಲ್ಲ ಅಂತಲ್ಲ.

ಆಮೇಲೆ ಜೇಬಿನಿಂದ ಬಿಳಿ ಟೇಪಿನ ಸುರುಳಿ ತೆಗೆದಳು,
ಹಲ್ಲಿನಲ್ಲಿ ಒಂದು ಚೂರು ಹರಿದು
ಚುಕ್ಕಿಯ ಗುಂಡಿಯ ಮೇಲೆ ಅಂಟಿಸಿದಳು.
ಅದರ ಮೇಲೆ ಪೆನ್ನಿನಿಂದ ಒಂದು ದಪ್ಪ ಚುಕ್ಕಿ,
ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.
"ಈಗ ಬೆರಳಿಗೆ ಗೊತ್ತಾಗುತ್ತೆ," ಅಂದಳು.
ಗಾಜಿನಾಚೆ ಫಿಯಾಕ್ರಾ ನಕ್ಕದ್ದು ಕೇಳಿಸಿತು,
ಆಮೇಲೆ ನಗು ನಿಂತದ್ದೂ.

ಬಸ್ಸಿನ ದುಡ್ಡು ಕೊಟ್ಟೆ, ಸಹಿ ಹಾಕಿಸಿಕೊಂಡೆ.
ಬಾಗಿಲಲ್ಲಿ ತಿರುಗಿ ಕೇಳಿದಳು:
"ಉಳಿದವರು ಸರಿಯಾಗಿ ಮಾಡಿದರಾ?"
ಹೇಳುವಂತಿಲ್ಲ. ಹನ್ನೊಂದರಲ್ಲಿ ಏಳನೆಯವಳು ಅವಳು.

ಮುಂದಿನವರಿಗೆ ಯಂತ್ರ ಹೊಸದರಂತಿರಬೇಕು, ಅದು ನಿಯಮ.
ಹತ್ತಿಗೆ ಸ್ಪಿರಿಟ್ ಅದ್ದಿ
ಟೇಪು ಕಿತ್ತೆ, ಅಂಟು ಒರೆಸಿದೆ.
ಉಗುರಿನಲ್ಲಿ ಕೆರೆದೆ, ಬೆಳಕಿಗೆ ಹಿಡಿದು ನೋಡಿದೆ.
ಚೊಕ್ಕಟ.

ಹನ್ನೆರಡನೆಯವಳು ರೊವೆನಾ, ಇಪ್ಪತ್ತಾರು ವರ್ಷ,
ಮನಿಲಾದಲ್ಲಿ ಕಲಿತ ಚುರುಕು ಬೆರಳು.
ಎರಡು.
ಚುಕ್ಕಿ.
ಐದು.