ಖಾಲಿ ಓಣಿ

ಭಾನುವಾರವೂ ಇವಕ್ಕೆ ಹಸಿವು.
ಟೊರಾಂಟೊದ ಹಿಮ ತುಳಿದು ಬಂದು, ಬೂಟು ಕೊಡವಿ
ಆರನೇ ಮಹಡಿಯ ದೀಪ ಹಾಕುತ್ತಾಳೆ ಫೆಮ್ಕೆ.
ಗುಲಾಬಿ ನೀರು ಬದಲಿಸಿ, ಮುಚ್ಚಳ ಮುಚ್ಚಿ
ಮೆಲ್ಲಗೆ ಅನ್ನುತ್ತಾಳೆ: ಉಣ್ಣಿ.

ತಟ್ಟೆಯೊಳಗಿರುವುದು ಎವರ್ಟನ್.
ಅಂದರೆ, ಅವನ ತೋಳಿನ ಒಳಮಗ್ಗುಲಿನ
ಅಕ್ಕಿಕಾಳಿನಷ್ಟು ಚರ್ಮ.
ಇಪ್ಪತ್ತಾರು ವರ್ಷ ಸುರಂಗದಲ್ಲಿ ರೈಲು ಓಡಿಸಿದವ,
ಈಗ ಚಹಾ ತುಟಿ ಮುಟ್ಟುವಷ್ಟರಲ್ಲಿ
ಅರ್ಧ ಅಂಗಿಗೆ.
"ಚರ್ಮಕ್ಕೆ ವಯಸ್ಸು ಮರೆಸುತ್ತೀರಂತೆ,
ನನಗೂ ಸ್ವಲ್ಪ ಮರೆಸಿ" ಎಂದು ನಕ್ಕಿದ್ದ;
ಸಹಿ ನಡುಗುತ್ತ ಗೆರೆ ದಾಟಿ ಹೋಗಿತ್ತು.

ಮರೆಸುವುದು ಅಂಥ ಕಷ್ಟವಲ್ಲ.
ನಾಲ್ಕು ಜೀನು ಒಳಗೆ ಕಳಿಸಿದರೆ
ಚರ್ಮ ತಾನು ಚರ್ಮವೆಂಬುದನ್ನೇ ಮರೆತು
ಇನ್ನೂ ಏನೂ ಆಗದ್ದು ಆಗುತ್ತದೆ.
ಕಷ್ಟ, ಕಳಿಸಿದವರನ್ನು ಹೊರಡಿಸುವುದು.

ಮೊದಲು ವೈರಸ್ಸಿನ ಹೆಗಲೇರಿಸಿ ಕಳಿಸುತ್ತಿದ್ದರು.
ಹೋದವು ಅಲ್ಲೇ ಬಿಡಾರ ಹೂಡಿದವು.
ನಲವತ್ತೊಂದನೇ ಇಲಿಯ ಕತ್ತು ಒಂದು ಬೆಳಿಗ್ಗೆ ಊದಿತ್ತು,
ಮಲಗಿದ್ದ ಜೀನೊಂದು ಎದ್ದಿತ್ತು.
ಫೆಮ್ಕೆ ಅಂದು ಊಟದ ಡಬ್ಬಿ ಬಿಚ್ಚಲಿಲ್ಲ.
ಪಂಜರದ ಚೀಟಿ ಇನ್ನೂ ಅವಳ ಕೋಟಿನ ಜೇಬಿನಲ್ಲಿದೆ.

ಈ ಸಲ ಹೋಗಿರುವುದು ಪತಂಗವೊಂದರ ತುಣುಕು,
ನೆಗೆದಾಡುವ ಜೀನು.
ಅಜ್ಜನ ಕೋಸಿನ ಹೊಲದಲ್ಲಿ, ಹಾಲೆಂಡ್ ಮಾರ್ಷಿನ ಕಪ್ಪು ಮಣ್ಣಿನಲ್ಲಿ
ಬೆನ್ನು ಬಿಲ್ಲಾಗಿಸಿ ನಡೆಯುವ ಅದರದೇ ಹಸಿರು ಹುಳುಗಳನ್ನು
ಎರಡು ಬೆರಳ ನಡುವೆ ಹಿಸುಕಿದ್ದಳು,
ನೂರಕ್ಕೊಂದು ನಾಣ್ಯದ ಲೆಕ್ಕ.
ಅಜ್ಜ ಅವಕ್ಕಿಟ್ಟ ಹೆಸರು ಬಾಯಲ್ಲಿ ಹೇಳುವಂಥದ್ದಲ್ಲ.

ಆ ತುಣುಕು ನಾಲ್ಕನ್ನೂ ಹೊತ್ತು ಒಳಹೋಗುತ್ತದೆ.
ಕೆಲಸ ಮುಗಿದ ಮೇಲೆ, ಕಿಣ್ವ ಬಂದು ಕರೆದರೆ
ಹೊಲಿಗೆಯ ಗುರುತೂ ಉಳಿಯದಂತೆ ಎದ್ದು ಬರಬೇಕು.
ಬರಬೇಕು. ಎಲ್ಲೋ ಕೆಲವು ಬರುತ್ತವೆ.
ಮಿಕ್ಕವು ಉಂಡ ಮನೆಯಲ್ಲೇ ಮಲಗುತ್ತವೆ.

ಅದಕ್ಕೇ ಈ ಜೆಲ್ಲು, ಈ ಕತ್ತಲ ಕೋಣೆ, ನೇರಳೆ ಬೆಳಕು.
ಒಂದನೇ ಓಣಿಯಲ್ಲಿ ಹೊಳೆಯುವ ಪಟ್ಟಿ: ಇದ್ದಾನೆ ಅತಿಥಿ.
ಎರಡರಲ್ಲೂ ಇದ್ದಾನೆ.
ಹದಿನಾರರವರೆಗೂ, ಕಾಲು ಚಾಚಿ.
ಹದಿನೇಳು
ಖಾಲಿ.

ಹಾಕಲು ಮರೆತೆನೇ? ಕೈ ತಪ್ಪಿತೇ?
ಮತ್ತೆ ಮಾಡಿದಳು. ಮತ್ತೊಮ್ಮೆ.
ಸಾಕ್ಷಿಯ ಪಟ್ಟಿ ಕೆಳಗೆ ನಿಂತಿದೆ,
ಅತಿಥಿಯದು ಇಲ್ಲ.

ಬಂದ ದಾರಿಗೆ ಸುಂಕವಿಲ್ಲ ಅನ್ನುತ್ತೇವೆ
ಕೆಲಸವಾಗದೆ ಮರಳಿದವರ ಬಗ್ಗೆ.
ಇವನು ಮಾಡಿಕೊಟ್ಟೂ ಬರಿಗೈಲಿ ಹೋದ.

ಎವರ್ಟನ್‌ಗೆ ಫೋನು ಮಾಡುವಂತಿಲ್ಲ.
ಇದು ಔಷಧಿಯಾಗಲು ಎಷ್ಟು ಚಳಿಗಾಲ ಬೇಕೋ,
ಆಗದೆಯೂ ಹೋದೀತು.
ಪುಸ್ತಕದಲ್ಲಿ ಬರೆದಳು, "೧೭: ಏನೂ ಇಲ್ಲ",
ಅಡಿಗೆರೆ ಎಳೆದಳು, ಎರಡು ಸಲ.

ರಸ್ತೆಯಡಿ ರೈಲೊಂದು ಹಾದುಹೋಯಿತು.
ತಟ್ಟೆಯ ಗುಲಾಬಿ ನೀರು ಸಣ್ಣಗೆ ನಡುಗಿತು.
ಫೆಮ್ಕೆ ಅದರ ಮೇಲೆ ಅಂಗೈಯಿಟ್ಟು
ನಿಲ್ಲುವವರೆಗೂ ನಿಂತಳು.